ಊಟದ ಹಾಲ್‌ಗೆ ಗಾಜಿನ ಗೋಡೆ: ಸ್ಲೈಡಿಂಗ್ ಹಾಕಿಸಬೇಕೋ, ಫೋಲ್ಡಿಂಗೋ?

ಕೊಪ್ಪಳ_ಮಂಟಪ:
ಎಲ್ಲರಿಗೂ ನಮಸ್ಕಾರ. ಕೊಪ್ಪಳದ ಹೊರಗೆ, ಗಂಗಾವತಿ ಕಡೆ ಹೋಗುವ ರಸ್ತೆ ಪಕ್ಕ ನಾವು ಅಣ್ಣತಮ್ಮಂದಿರು ಸೇರಿ ಒಂದು ಕಲ್ಯಾಣ ಮಂಟಪ ಕಟ್ಟಿಸುತ್ತಿದ್ದೇವೆ. ಊಟದ ಹಾಲ್‌ಗೂ ಹೊರಗಿನ ಹುಲ್ಲಿನ ಅಂಗಳಕ್ಕೂ ನಡುವೆ 20 ಅಡಿ ಅಗಲ, ಎಂಟೂವರೆ ಅಡಿ ಎತ್ತರ ಖಾಲಿ ಬಿಟ್ಟಿದ್ದೇವೆ. ಅಲ್ಲಿ ಪೂರ್ತಿ ಗಾಜು ಬರಬೇಕು. ಮುಖ ಪಡುವಣಕ್ಕೆ. ಪಿಲ್ಲರ್ ಎದ್ದಿವೆ, ಮೇಲಿನ ಬೀಮ್ ಇನ್ನೂ ಹಾಕಿಲ್ಲ.

ತಮ್ಮನಿಗೆ ಫೋಲ್ಡಿಂಗೇ ಬೇಕು. ಬೆಂಗಳೂರಿನ ಹತ್ತಿರ ಒಂದು ರೆಸಾರ್ಟ್‌ನಲ್ಲಿ ನೋಡಿ ಬಂದಿದ್ದಾನೆ. ಇಡೀ ಗೋಡೆಯನ್ನು ಮಡಚಿ ಮೂಲೆಗೆ ಸರಿಸಿದರೆ ಹಾಲ್, ಅಂಗಳ ಎರಡೂ ಒಂದೇ ಆಗುತ್ತದಂತೆ. ಕೊಟೇಶನ್ ಕೊಟ್ಟವರು ಸ್ಲೈಡಿಂಗ್ ಸಾಕು ಅಂತಾರೆ. ಫೋಲ್ಡಿಂಗ್ ರೇಟ್ ಜಾಸ್ತಿ ಅಂತ ಗೊತ್ತಿದೆ, ಅದಕ್ಕೆ ತಯಾರಿದ್ದೇವೆ. ನಮ್ಮ ಕಡೆ ಬಿಸಿಲಿಗೆ, ಧೂಳಿಗೆ ಯಾವುದು ತಾಳುತ್ತದೆ ಅನ್ನೋದೇ ಪ್ರಶ್ನೆ. ಬಳಸಿದವರು, ಕೂರಿಸಿದವರು ದಯವಿಟ್ಟು ಹೇಳಿ.

ಬಳ್ಳಾರಿ_ಅಲ್ಯೂಮಿನಿಯಂ:
ನಮಸ್ಕಾರ ಅಣ್ಣಾರೆ. ನಾನು ಬಳ್ಳಾರಿಯಲ್ಲಿ ಎರಡೂ ಕೂರಿಸುತ್ತೇನೆ. ನಿಮ್ಮ ಅಳತೆಗೇ ಲೆಕ್ಕ ಹಾಕಿ ನೋಡೋಣ.

ಎರಡು ಟ್ರ್ಯಾಕ್‌ನ ಸ್ಲೈಡಿಂಗ್‌ನಲ್ಲಿ 5 ಅಡಿಯ ನಾಲ್ಕು ಶಟರ್ (ಸರಿಯುವ ಗಾಜಿನ ಬಾಗಿಲು) ಬರುತ್ತವೆ. ನಡುವಿನ ಎರಡು ಸರಿಸಿದರೆ 10 ಅಡಿ ತೆರೆಯುತ್ತದೆ, ಅಂದರೆ ಅರ್ಧ. ಮೂರು ಟ್ರ್ಯಾಕ್ ಮಾಡಿ ಆ ಕಡೆ ಮೂರು, ಈ ಕಡೆ ಮೂರು ಶಟರ್ ಹಾಕಿದರೆ 13 ಅಡಿ ಚಿಲ್ಲರೆ ಸಿಗುತ್ತದೆ. ಫೋಲ್ಡಿಂಗ್‌ನಲ್ಲಿ ಏಳು ಪ್ಯಾನೆಲ್, ಒಂದೊಂದು ಮೂರಡಿಗೆ ಸ್ವಲ್ಪ ಕಮ್ಮಿ. ಎಲ್ಲ ಮಡಚಿದ ಮೇಲೆ ಪಕ್ಕದಲ್ಲಿ ಎರಡಡಿ ಹತ್ತಿರ ದಪ್ಪ ನಿಲ್ಲುತ್ತದೆ, ಉಳಿದ 18 ಅಡಿ ಪೂರ್ತಿ ಖಾಲಿ. ಆದರೆ ಆ ಕಟ್ಟು ಅಂಗಳದ ಕಡೆಗೋ ಹಾಲ್ ಕಡೆಗೋ ಮೂರಡಿ ಚಾಚಿಕೊಂಡೇ ಇರುತ್ತದೆ. ಆ ಜಾಗದಲ್ಲಿ ಟೇಬಲ್ ಹಾಕೋಕಾಗಲ್ಲ.

ಇನ್ನು ತೂಕ. ಗಾಜು ಒಂದು ಚದರ ಮೀಟರ್‌ಗೆ, ಒಂದು ಮಿ.ಮೀ. ದಪ್ಪಕ್ಕೆ ಎರಡೂವರೆ ಕೆ.ಜಿ. ತೂಗುತ್ತದೆ. 6 ಮಿ.ಮೀ.ನ ಎರಡು ಗಾಜು ಸೇರಿಸಿದ ಡಬಲ್ ಗ್ಲಾಸ್ ಹಾಕಿದರೆ ಚದರ ಮೀಟರ್‌ಗೆ 30 ಕೆ.ಜಿ. 5 ಅಡಿ ಅಗಲದ ಒಂದು ಸ್ಲೈಡಿಂಗ್ ಶಟರ್‌ನಲ್ಲಿ ಗಾಜೇ 118 ಕೆ.ಜಿ. ಹತ್ತಿರ ಬಂತು. ಅದರ ಭಾರವೆಲ್ಲ ಕೆಳಗಿನ ಚಕ್ರದ ಮೇಲೆ. ಫೋಲ್ಡಿಂಗ್‌ನ ಒಂದು ಪ್ಯಾನೆಲ್ 67 ಕೆ.ಜಿ., ಏಳೂ ಸೇರಿ 470. ಅದನ್ನು ಮೇಲಿನಿಂದ ನೇತುಹಾಕುವ ಹಾಗಿದ್ದರೆ ಭಾರವೆಲ್ಲ ನಿಮ್ಮ ಬೀಮ್‌ಗೆ. ಬೀಮ್ ಹಾಕುವ ಮುಂಚೆ ಕೇಳಿದಿರಿ, ಒಳ್ಳೆಯದಾಯಿತು.

ಸಂಡೂರು_ಮೇಷ್ಟ್ರು:
ನಮ್ಮ ಮನೆ ಅದಿರು ಲಾರಿ ಓಡಾಡುವ ರಸ್ತೆಗೆ ಹತ್ತಿರ. ಪಡಸಾಲೆಗೆ ಸ್ಲೈಡಿಂಗ್ ಇದೆ. ಧೂಳಿನ ಬಗ್ಗೆ ಕೇಳಿದ್ದೀರಿ, ನಮ್ಮ ಅನುಭವ ಹೇಳುತ್ತೇನೆ.

ಗಾಜಿನ ಮೇಲೆ ಕೂರುವ ಧೂಳು ತೊಂದರೆಯಲ್ಲ, ಬಟ್ಟೆ ಹಿಡಿದು ಒರೆಸಿದರೆ ಹೋಗುತ್ತದೆ. ಟ್ರ್ಯಾಕ್‌ನೊಳಗೆ ಇಳಿಯುತ್ತದಲ್ಲ, ಅದು ತೊಂದರೆ. ಕೆಂಪು ಧೂಳು ಕಬ್ಬಿಣದ್ದು, ತೂಕ ಜಾಸ್ತಿ, ಸೀದಾ ತಳಕ್ಕೆ ಹೋಗಿ ಕೂರುತ್ತದೆ. ಮೊದಲ ಮಳೆ ಗಾಳಿ ಜೊತೆ ಬಂದಾಗ ಅದೇ ಧೂಳು ಕೆಂಪು ರಾಡಿಯಾಗುತ್ತದೆ. ನೀರು ಹೊರಗೆ ಹೋಗಲಿ ಅಂತ ಟ್ರ್ಯಾಕ್‌ನ ಹೊರಮಗ್ಗುಲಿಗೆ ಸಣ್ಣ ತೂತು ಕೊಟ್ಟಿರುತ್ತಾರೆ, ರಾಡಿ ಅದನ್ನು ಮುಚ್ಚುತ್ತದೆ. ಆಮೇಲೆ ನೀರು ಒಳಗೆ ತಿರುಗುತ್ತದೆ. ಒಣಗಿದ ಮೇಲೆ ಚಕ್ರ ಉರುಳುವ ಜಾಗದಲ್ಲಿ ಗಟ್ಟಿ ಪದರ ನಿಂತು ಶಟರ್ ಕಟಕಟ ಅಂತ ಹತ್ತಿ ಇಳಿಯುತ್ತದೆ.

ನಮ್ಮಲ್ಲಿ ವಾರಕ್ಕೊಮ್ಮೆ ಒಣ ಬ್ರಷ್‌ನಲ್ಲಿ ಕೆರೆದು, ವ್ಯಾಕ್ಯೂಮ್ ಹಿಡಿದು, ಕೊನೆಗೆ ಒದ್ದೆ ಬಟ್ಟೆಯಲ್ಲಿ ಒರೆಸುತ್ತೇವೆ. ಆ ತೂತುಗಳಿಗೆ ಕಡ್ಡಿ ಹಾಕಿ ಬಿಡಿಸುತ್ತೇವೆ. ಚಕ್ರ ಇವತ್ತಿಗೂ ಹಗುರವಾಗಿ ಓಡುತ್ತಿದೆ. ದಯವಿಟ್ಟು ಯಾರೂ ಟ್ರ್ಯಾಕ್‌ಗೆ ಎಣ್ಣೆ, ಗ್ರೀಸ್ ಹಾಕಬೇಡಿ. ಧೂಳು ಅದಕ್ಕೆ ಅಂಟಿ ಉಜ್ಜುವ ಪುಡಿಯ ಹಾಗೆ ಚಕ್ರವನ್ನೇ ಸವೆಸುತ್ತದೆ.

ಕೊಪ್ಪಳ_ಮಂಟಪ:
ಮೇಷ್ಟ್ರೇ, ಬಹಳ ಉಪಯೋಗವಾಯಿತು. ನಮ್ಮ ಕಡೆ ಕೆಂಪು ಧೂಳು ಅಷ್ಟಿಲ್ಲ. ಆದರೆ ಗಿಣಿಗೇರಿ ಕಡೆಯಿಂದ ಗಾಳಿ ತಿರುಗಿದಾಗ ಕಾರ್ಖಾನೆಗಳ ಕಪ್ಪು ಪುಡಿ ಬರುತ್ತದೆ. ಮೇಲಿನಿಂದ ನೇತುಹಾಕುವ ಫೋಲ್ಡಿಂಗ್ ಆದರೆ ಕೆಳಗೆ ಟ್ರ್ಯಾಕೇ ಇರಲ್ಲ ಅಲ್ವಾ? ಆಗ ಈ ತೊಂದರೆ ಇರಲ್ಲ ಅಂತ ತಮ್ಮನ ವಾದ.

ಬಳ್ಳಾರಿ_ಅಲ್ಯೂಮಿನಿಯಂ:
ಅರ್ಧ ನಿಜ. ನೇತುಹಾಕಿದರೂ ಕೆಳಗೆ ಒಂದು ಸಣ್ಣ ಕಾಲುವೆ ಇದ್ದೇ ಇರುತ್ತದೆ, ಪ್ಯಾನೆಲ್ ಅಲ್ಲಾಡದಂತೆ ಹಿಡಿಯೋಕೆ. ಭಾರ ಅದರ ಮೇಲೆ ಇಲ್ಲದ ಕಾರಣ ಸ್ವಲ್ಪ ಮಣ್ಣು ಬಿದ್ದರೂ ಓಡುತ್ತದೆ. ಇಲ್ಲಿ ಫೋಲ್ಡಿಂಗ್ ಗೆಲ್ಲುತ್ತದೆ.

ಆದರೆ ಧೂಳು ಒಳಗೆ ಬರೋದು ಸಂದಿಯಿಂದ. ನಿಮ್ಮ ಅಳತೆಯಲ್ಲಿ ಏಳು ಪ್ಯಾನೆಲ್ ಅಂದರೆ ಎಂಟು ನಿಂತ ಸಂದಿ. ಮೇಲೆ ಕೆಳಗೆ ಸೇರಿಸಿದರೆ 108 ಅಡಿ ರಬ್ಬರ್. ನಾಲ್ಕು ಶಟರ್ ಸ್ಲೈಡಿಂಗ್‌ನಲ್ಲಿ ಐದೇ ನಿಂತ ಸಂದಿ, ಒಟ್ಟು 83 ಅಡಿ ಒಳಗೆ. ಹಾಗಂತ ಸ್ಲೈಡಿಂಗ್ ಬಿಗಿ ಅಂತ ತಿಳಿಯಬೇಡಿ. ಸಾಮಾನ್ಯ ಸ್ಲೈಡಿಂಗ್‌ನ ಸಂದಿಯಲ್ಲಿ ಇರೋದು ಬ್ರಷ್ ಪಟ್ಟಿ. ದಪ್ಪ ಮಣ್ಣು ತಡೆಯುತ್ತದೆ, ನುಣ್ಣನೆ ಪುಡಿ ತಡೆಯಲ್ಲ. ಫೋಲ್ಡಿಂಗ್‌ನಲ್ಲಿ ರಬ್ಬರ್ ಮೇಲೆ ಒತ್ತಿ ಮುಚ್ಚೋದರಿಂದ ಹೊಸದರಲ್ಲಿ ಅದೇ ಬಿಗಿ. ರಬ್ಬರ್ ಇಪಿಡಿಎಂ (ಬಿಸಿಲು ತಾಳುವ ಕೃತಕ ರಬ್ಬರ್) ಇರಬೇಕು. ಅಗ್ಗದ ಪಿವಿಸಿ ಪಟ್ಟಿ ನಮ್ಮ ಬಿಸಿಲಿಗೆ ಗಟ್ಟಿಯಾಗಿ, ಕುಗ್ಗಿ, ಮೂಲೆಗಳಲ್ಲಿ ಬಾಯಿ ಬಿಡುತ್ತದೆ.

ಲಿಫ್ಟ್ ಸ್ಲೈಡ್ ಅಂತ ಮೂರನೇದು ಒಂದಿದೆ. ಹಿಡಿ ತಿರುಗಿಸಿದರೆ ಶಟರ್ ಸ್ವಲ್ಪ ಮೇಲೆದ್ದು ಚಕ್ರದ ಮೇಲೆ ನಿಲ್ಲುತ್ತದೆ. ಸರಿಸಿ ಹಿಡಿ ಇಳಿಸಿದರೆ ಶಟರ್ ಕೆಳಗಿಳಿದು ರಬ್ಬರ್ ಮೇಲೆ ಕೂರುತ್ತದೆ. ಧೂಳಿಗೆ ಸ್ಲೈಡಿಂಗ್‌ಗಳಲ್ಲೇ ಇದು ಒಳ್ಳೆಯದು. ದುಡ್ಡು ಜಾಸ್ತಿ.

ರಾಯಚೂರು_ವಿನ್ಯಾಸ:
ನಾನು ಆರ್ಕಿಟೆಕ್ಟ್. ಸ್ಲೈಡಿಂಗೋ ಫೋಲ್ಡಿಂಗೋ ಅಂತ ಹೋಗುವ ಮುಂಚೆ ನಿಮ್ಮ ಮೊದಲ ಪೋಸ್ಟ್‌ನ ಒಂದು ಮಾತು ನನ್ನನ್ನು ಕಾಡುತ್ತಿದೆ: ಮುಖ ಪಡುವಣಕ್ಕೆ.

ಈ ಗೋಡೆ ವರ್ಷದಲ್ಲಿ ಹೆಚ್ಚು ಹೊತ್ತು ಮುಚ್ಚಿಯೇ ಇರುತ್ತದೆ ಸರ್. ಮಾರ್ಚ್‌ನಿಂದ ಮೇ ಕೊನೆವರೆಗೆ ಮಧ್ಯಾಹ್ನದ ಊಟಕ್ಕೆ ಯಾರೂ ಇದನ್ನು ತೆರೆಯಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಗಾಳಿ ಎಲೆ, ಟಿಶ್ಯೂ, ಪೇಪರ್ ಲೋಟ ಎಲ್ಲವನ್ನೂ ಹಾರಿಸುತ್ತದೆ, ಆಗಲೂ ತೆರೆಯಲ್ಲ. ಉಳಿಯೋದು ಚಳಿಗಾಲದ ಮದುವೆಗಳು, ಸಂಜೆಯ ರಿಸೆಪ್ಷನ್‌ಗಳು. ಹಾಗಾಗಿ ತೆರೆದಾಗ ಎಷ್ಟು ಚಂದ ಅಂತ ನೋಡುವ ಮುಂಚೆ, ಮುಚ್ಚಿದಾಗ ಏನೇನು ತಡೆಯುತ್ತದೆ ಅಂತ ನೋಡಿ. ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಗಾಜಿನ ಗೋಡೆ ಕೇಳಿ ಬರುವ ಎಲ್ಲರಿಗೂ ನಾನು ಇದನ್ನೇ ಹೇಳುತ್ತೇನೆ.

ಬಿಸಿಲಿನ ಲೆಕ್ಕ ಇಲ್ಲಿದೆ. ಕೊಪ್ಪಳ ಇರೋದು 15 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿ. ಮೇ ಮೊದಲ ವಾರದ ಹೊತ್ತಿಗೆ ನಡುಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿ ಮೇಲೆ. ತೆಂಕಣ, ಬಡಗಣ ಗೋಡೆಗೆ ಸಣ್ಣ ಛಜ್ಜಾ ಸಾಕು. ಪಡುವಣಕ್ಕೆ ಅದು ನಡೆಯಲ್ಲ. ಸಂಜೆ ನಾಲ್ಕರ ಸುಮಾರಿಗೆ ಬಿಸಿಲು ಓರೆಯಾಗಿ ಬರುತ್ತದೆ. ಎರಡಡಿ ಛಜ್ಜಾ ಇದ್ದರೆ ನಿಮ್ಮ ಎಂಟೂವರೆ ಅಡಿ ಗಾಜಿನಲ್ಲಿ ಮೇಲಿನ ಒಂದು ಅಡಿ ಚಿಲ್ಲರೆ ಮಾತ್ರ ನೆರಳು. ಹತ್ತಡಿ ಪಡಸಾಲೆ ಇಳಿಸಿದರೆ ಆರು ಅಡಿಗೂ ಮೇಲೆ ನೆರಳು. ಐದು ಗಂಟೆಗೆ ಆ ಪಡಸಾಲೆಯೂ ಪೂರ್ತಿ ಕಾಯಲ್ಲ, ಹೊರಗೆ ಬಿದಿರಿನ ಪರದೆಯೋ ಬೇವಿನ ಮರವೋ ಬೇಕು.

ಸಾದಾ 6 ಮಿ.ಮೀ. ಗಾಜು ಮೇಲೆ ಬಿದ್ದ ಬಿಸಿಲಿನ ಶಾಖದಲ್ಲಿ ನೂರಕ್ಕೆ 80ರಷ್ಟನ್ನು ಒಳಗೆ ಬಿಡುತ್ತದೆ. ಶಾಖ ತಡೆಯುವ ಕೋಟಿಂಗ್ ಇರುವ ಡಬಲ್ ಗ್ಲಾಸ್ 30 ಅಥವಾ ಅದಕ್ಕೂ ಕಮ್ಮಿಗೆ ಇಳಿಸುತ್ತದೆ. ಕೋಟಿಂಗ್ ಹೊರಗಿನ ಗಾಜಿನ ಒಳಮುಖಕ್ಕೆ ಇರಬೇಕು, ಆಗ ಶಾಖ ಹೊರಗೇ ನಿಲ್ಲುತ್ತದೆ. ಕೊಟೇಶನ್‌ನಲ್ಲಿ ಸುಮ್ನೆ "ಲೋ ಇ ಗ್ಲಾಸ್" (ಶಾಖ ತಡೆಯುವ ಕೋಟಿಂಗ್ ಗಾಜು) ಅಂತ ಬರೆದಿದ್ದರೆ ಒಪ್ಪಬೇಡಿ, ಎಸ್‌ಎಚ್‌ಜಿಸಿ (ಬಿದ್ದ ಬಿಸಿಲಿನ ಶಾಖದಲ್ಲಿ ಒಳಗೆ ಬರುವ ಪಾಲು) ಎಷ್ಟು ಅಂತ ಅಂಕಿ ಕೇಳಿ.

ಜಾಗ ಇದ್ದರೆ ಅಂಗಳವನ್ನು ಮೂಡಣಕ್ಕೋ ಬಡಗಣಕ್ಕೋ ತಿರುಗಿಸಲು ಆಗುತ್ತದಾ ನೋಡಿ. ಈಗಲೇ ಆದರೆ ಆಗಬೇಕು.

ಗಂಗಾವತಿ_ಗದ್ದೆಮನೆ:
ಇಷ್ಟು ಹೊತ್ತಾದರೂ ಯಾರೂ ಹುಳದ ಮಾತು ಎತ್ತಲಿಲ್ಲ! ನಮ್ಮದು ಗದ್ದೆ ಪಕ್ಕದ ಮನೆ. ಭತ್ತ ತೆನೆ ಕಟ್ಟುವ ಹೊತ್ತಿನಲ್ಲಿ ಸಂಜೆ ದೀಪ ಹಾಕಿದರೆ ಹಸಿರು ಜಿಗಿಹುಳ ಗಾಜಿನ ತುಂಬ. ಬಾಗಿಲು ಗೇಣು ತೆರೆದರೂ ಅನ್ನದ ತಟ್ಟೆಗೇ ಬೀಳುತ್ತವೆ. ಸೊಳ್ಳೆ ವರ್ಷಪೂರ್ತಿ ಇದ್ದೇ ಇದೆ.

ಸ್ಲೈಡಿಂಗ್‌ನಲ್ಲಿ ಮೂರನೇ ಟ್ರ್ಯಾಕ್‌ಗೆ ಜಾಲರಿ ಶಟರ್ ಹಾಕಿಸಿದ್ದೇವೆ. ಗಾಜು ಸರಿಸಿ ಜಾಲರಿ ಎಳೆದುಕೊಂಡರೆ ಗಾಳಿ ಬರುತ್ತದೆ, ಹುಳ ಬರಲ್ಲ. ಫೋಲ್ಡಿಂಗ್‌ಗೆ ಹಾಗೆ ಆಗಲ್ಲ. ನೆರಿಗೆ ಹಾಕಿದ ಜಾಲರಿ ಬೇರೆಯಾಗಿ ಕೂರಿಸಬೇಕು. 20 ಅಡಿಗೆ ಅದು ಎರಡೂ ಕಡೆಯಿಂದ ಬಂದು ನಡುವೆ ಸೇರಬೇಕು. ಮಕ್ಕಳು ಓಡಾಡುವ ಜಾಗದಲ್ಲಿ ಅದು ಬಾಳಿಕೆ ಬರಲ್ಲ. ನಿಮ್ಮದು ಮಂಟಪ, ನೂರಾರು ಮಕ್ಕಳು. ಸಂಜೆ ಊಟಕ್ಕೆ ಗೋಡೆ ತೆರೆದಿಡುವ ಆಸೆ ಇದ್ದರೆ ಮೊದಲು ಸುತ್ತಮುತ್ತ ಗದ್ದೆ ಎಷ್ಟು ದೂರ ಅಂತ ನೋಡಿ ಅಣ್ಣಾ.

ಮಂಟಪದ_ತಮ್ಮ:
ಎಲ್ಲರಿಗೂ ನಮಸ್ಕಾರ, ಫೋಲ್ಡಿಂಗ್ ಕೇಳಿದವನು ನಾನೇ. ಗದ್ದೆ ಹತ್ತಿರ ಇಲ್ಲ, ಸುತ್ತ ಒಣಭೂಮಿ, ಮೆಕ್ಕೆಜೋಳ. ನನ್ನ ಮಾತನ್ನೂ ಕೇಳಿ. ನಮ್ಮ ಕಡೆ ಮದುವೆಯಲ್ಲಿ ಒಂದು ಪಂಕ್ತಿ ಏಳುವ ಮುಂಚೆ ಇನ್ನೊಂದು ಪಂಕ್ತಿ ಬಾಗಿಲಲ್ಲಿ ನಿಂತಿರುತ್ತದೆ. ಇಳಿವಯಸ್ಸಿನವರು ಆ ನೂಕಾಟದಲ್ಲಿ ಸಿಕ್ಕಿಕೊಳ್ಳುತ್ತಾರೆ. 18 ಅಡಿ ಪೂರ್ತಿ ತೆರೆದರೆ ಆ ನೂಕಾಟವೇ ಇರಲ್ಲ. 10 ಅಡಿ ಸ್ಲೈಡಿಂಗ್‌ನಲ್ಲಿ ಅದು ಸಿಗಲ್ಲ. ನಾನು ಚಂದಕ್ಕೆ ಮಾತ್ರ ಕೇಳುತ್ತಿಲ್ಲ.

ಆನೆಗೊಂದಿ_ಹೋಂಸ್ಟೇ:
ತಮ್ಮಾ, ನಿನ್ನ ಮಾತು ಸರಿ ಇದೆ. ನಮ್ಮ ಹೋಂಸ್ಟೇ ಊಟದ ಜಾಗಕ್ಕೆ ಐದು ಪ್ಯಾನೆಲ್ ಫೋಲ್ಡಿಂಗ್ ಇದೆ, ನನಗೆ ಬಹಳ ಇಷ್ಟ. ಬೆಳಿಗ್ಗೆ ಪೂರ್ತಿ ತೆರೆದು ಕೂತರೆ ಎದುರಿಗೆ ಬಂಡೆಗಳ ಸಾಲು, ನಡುವೆ ಕಂಬ ಇಲ್ಲ, ಫ್ರೇಮ್ ಇಲ್ಲ. ಬಂದವರು ಅಲ್ಲೇ ಕೂತುಬಿಡುತ್ತಾರೆ. ಆದರೆ ನಮ್ಮದು ಬಡಗಣ ಮುಖ, ಮುಂದೆ ಹನ್ನೆರಡು ಅಡಿ ಪಡಸಾಲೆ. ಮಳೆ ಗಾಜಿಗೆ ತಾಗೋದೇ ಅಪರೂಪ.

ನಡೆಸುವವರಿಗೆ ಗೊತ್ತಾಗುವ ಎರಡು ವಿಷಯ ಹೇಳುತ್ತೇನೆ. ಫೋಲ್ಡಿಂಗ್ ಅನ್ನು ಅರ್ಧ ತೆರೆದು ಬಿಡೋಕಾಗಲ್ಲ. ಗಾಳಿ ಬೀಸಿದರೆ ಅರ್ಧ ಮಡಚಿದ ಪ್ಯಾನೆಲ್‌ಗಳು ಬಡಿದಾಡುತ್ತವೆ. ಪೂರ್ತಿ ಮಡಚಿ ಕೊಕ್ಕೆ ಹಾಕಬೇಕು, ಇಲ್ಲವೇ ಪೂರ್ತಿ ಮುಚ್ಚಬೇಕು. ಸ್ಲೈಡಿಂಗ್ ಆದರೆ ಒಂದಡಿ ಬೇಕಾದರೆ ಒಂದಡಿ. ಇನ್ನೊಂದು, ದಿನದ ಓಡಾಟಕ್ಕೆ ಒಂದು ಪ್ಯಾನೆಲ್ ಸಾದಾ ಬಾಗಿಲಿನ ಹಾಗೆ ಬಿಡಿಯಾಗಿ ತೆರೆಯುವಂತೆ ಮಾಡಿಸಲೇಬೇಕು. ಇಲ್ಲದಿದ್ದರೆ ಒಬ್ಬರು ಹೊರಗೆ ಹೋಗೋಕೆ ಇಡೀ ಗೋಡೆಯ ಚಿಲಕ ಬಿಚ್ಚಬೇಕು.

ಇಲ್ಲಿ ಕೋತಿಗಳ ಕಾಟವೂ ಇದೆ, ಪೂರ್ತಿ ತೆರೆದಾಗ ಒಬ್ಬರು ಅಲ್ಲೇ ಇರಬೇಕು. ನಿಮ್ಮ ಕಡೆ ಆ ತೊಂದರೆ ಇರಲಿಕ್ಕಿಲ್ಲ. ಮತ್ತೆ ಮಡಚುವ ಸಂದಿಯಲ್ಲಿ ಮಕ್ಕಳ ಬೆರಳು. ಅದೊಂದಕ್ಕೆ ನಾನು ಯಾವಾಗಲೂ ಹೆದರುತ್ತೇನೆ. ತೆರೆಯೋದು ಮುಚ್ಚೋದು ಕೆಲಸದವರೇ ಮಾಡಬೇಕು, ಅತಿಥಿಗಳ ಕೈಗೆ ಬಿಡಬಾರದು.

ಸಿಂಧನೂರು_ಸಿವಿಲ್:
ಬೀಮ್ ಬಗ್ಗೆ ಯಾರೂ ಪೂರ್ತಿ ಹೇಳಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಕಾಂಕ್ರೀಟ್ ಬೀಮ್ ಹಾಕಿದ ದಿನ ಇದ್ದ ಹಾಗೆ ಇರಲ್ಲ. ಭಾರ ಹೊತ್ತು ನಿಂತಂತೆ ವರ್ಷಗಟ್ಟಲೆ ನಿಧಾನಕ್ಕೆ ಜಗ್ಗುತ್ತದೆ. ಕಾಂಕ್ರೀಟ್ ಕೆಲಸದ ಭಾರತೀಯ ಕೋಡ್ ಐಎಸ್ 456 ಪ್ರಕಾರ ಗೋಡೆ, ಫಿನಿಶಿಂಗ್ ಎಲ್ಲ ಆದ ಮೇಲೆ ಬೀಮ್ ಜಗ್ಗೋದು ಅದರ ಉದ್ದದ 350ನೇ ಒಂದು ಭಾಗ ಅಥವಾ 20 ಮಿ.ಮೀ., ಯಾವುದು ಕಮ್ಮಿಯೋ ಅಷ್ಟು ಮೀರಬಾರದು. ನಿಮ್ಮ 20 ಅಡಿಗೆ ಅದು 17 ಮಿ.ಮೀ. ಅಂದರೆ ಎಂಜಿನಿಯರ್ ಎಲ್ಲ ಸರಿಯಾಗಿ ಮಾಡಿದ ಬೀಮ್ ಕೂಡ 17 ಮಿ.ಮೀ. ಇಳಿಯಬಹುದು, ಕೋಡ್ ಒಪ್ಪುತ್ತದೆ. ಫೋಲ್ಡಿಂಗ್ ಒಪ್ಪಲ್ಲ. ಅಷ್ಟು ಇಳಿದರೆ ಪ್ಯಾನೆಲ್ ತಳ ನೆಲಕ್ಕೆ ತಾಗುತ್ತದೆ, ಚಿಲಕ ಕೂರಲ್ಲ.

ಇನ್ನೊಂದು ಅಪಾಯ. ಮುಚ್ಚಿದಾಗ 470 ಕೆ.ಜಿ. ಗಾಜು 20 ಅಡಿಗೂ ಹಂಚಿರುತ್ತದೆ. ಮಡಚಿದಾಗ ಅದೆಲ್ಲ, ಫ್ರೇಮ್ ತೂಕವೂ ಸೇರಿ, ಒಂದು ತುದಿಯ ಎರಡಡಿಯಲ್ಲಿ ಜೋತು ಬೀಳುತ್ತದೆ. ಟ್ರ್ಯಾಕನ್ನು ಬೀಮ್‌ಗೆ ಹಿಡಿದಿರುವ ಆಂಕರ್ ಬೋಲ್ಟ್ ಅಲ್ಲೇ ಕಿತ್ತು ಬರೋದು. ಬೀಮ್ ಕಂಬಿ ಕಟ್ಟುವ ಮುಂಚೆ ನಿಮ್ಮ ಸ್ಟ್ರಕ್ಚರಲ್ ಎಂಜಿನಿಯರ್‌ಗೆ ಮೂರು ವಿಷಯ ಕಾಗದದಲ್ಲಿ ಕೊಡಿ: ಒಟ್ಟು ತೂಕ, ಮಡಚಿ ನಿಲ್ಲುವ ಮೂಲೆ, ಹಾರ್ಡ್‌ವೇರ್ ಕಂಪನಿ ಎಷ್ಟು ಜಗ್ಗು ತಾಳುತ್ತದೆ ಅಂತ ಕೊಟ್ಟ ಅಂಕಿ. ಬೀಮ್ ಆಳ ಜಾಸ್ತಿ ಮಾಡಿದರೆ ಜಗ್ಗು ಬಹಳ ಕಮ್ಮಿಯಾಗುತ್ತದೆ. ಈಗ ಆ ಖರ್ಚು ಸಣ್ಣದು.

ಸ್ಲೈಡಿಂಗ್‌ಗೆ ಇಷ್ಟು ತಲೆಬಿಸಿ ಇಲ್ಲ. ಭಾರ ನೆಲದ ಮೇಲೆ ಇರುತ್ತದೆ. ಮೇಲೆ ಜಗ್ಗಿಗೆ ಜಾಗ ಬಿಟ್ಟು ಫ್ರೇಮ್ ಕೂರಿಸಿದರೆ ಆಯಿತು.

ಬಳ್ಳಾರಿ_ಅಲ್ಯೂಮಿನಿಯಂ:
ಸಿವಿಲ್ ಸರ್ ಹೇಳಿದ್ದು ನೂರಕ್ಕೆ ನೂರು. ಬೀಮ್ ಜಗ್ಗಿ ಫೋಲ್ಡಿಂಗ್ ಹಿಡಿದುಕೊಂಡ ಕಡೆ ನಮ್ಮನ್ನು ಕರೆಯುತ್ತಾರೆ. ಅಲ್ಲಿ ನಾವು ಸ್ಕ್ರೂ ತಿರುಗಿಸಿ ಕೆಲವು ಮಿ.ಮೀ. ಎತ್ತಬಹುದು, ಅದಕ್ಕಿಂತ ಹೆಚ್ಚು ಆಗಲ್ಲ.

ಬಿಸಿಲಿಗೆ ಅಲ್ಯೂಮಿನಿಯಂ ಹಿಗ್ಗೋದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಪಡುವಣ ಬಿಸಿಲಿನಲ್ಲಿ ಕಪ್ಪು ಬಣ್ಣದ ಸೆಕ್ಷನ್ ಮುಟ್ಟೋಕಾಗಲ್ಲ. ಬೆಳಗಿಗೂ ಸಂಜೆಗೂ 35 ಡಿಗ್ರಿ ವ್ಯತ್ಯಾಸ ಬಿದ್ದರೆ 20 ಅಡಿ ಟ್ರ್ಯಾಕ್ 5 ಮಿ.ಮೀ. ಉದ್ದವಾಗುತ್ತದೆ. ಎರಡೂ ತುದಿ ಗೋಡೆಗೆ ಒತ್ತಿ ಕೂರಿಸಿದರೆ ನಡುವೆ ಉಬ್ಬುತ್ತದೆ. ತಿಳಿ ಬಣ್ಣ ಆರಿಸಿ. ಎಲ್ಲರೂ ಕಪ್ಪು ಕೇಳುತ್ತಾರೆ, ನಮ್ಮ ಊರಿನ ಬಿಸಿಲಿಗೆ ಅದು ಬೇಡ ಅಂತ ನಾನು ಪ್ರತಿ ಸಲ ಹೇಳುತ್ತೇನೆ.

ರಾಯಚೂರು_ವಿನ್ಯಾಸ:
ತಮ್ಮ ಹೇಳಿದ ನೂಕಾಟದ ವಿಷಯಕ್ಕೆ ಬರುತ್ತೇನೆ, ಅದು ದೊಡ್ಡ ವಿಷಯ. ಊಟದ ಹಾಲ್‌ನಿಂದ ಬೆಂಕಿ, ಹೊಗೆ ಅಂತ ಜನ ಓಡಬೇಕಾಗಿ ಬಂದರೆ ಸ್ಲೈಡಿಂಗೂ ಲೆಕ್ಕಕ್ಕಿಲ್ಲ, ಫೋಲ್ಡಿಂಗ್ ನಂಬಿಯೂ ಇರುವಂತಿಲ್ಲ. ನ್ಯಾಷನಲ್ ಬಿಲ್ಡಿಂಗ್ ಕೋಡ್ ಕೇಳೋದು ಹೊರಮುಖವಾಗಿ ತೆರೆಯುವ ಬಾಗಿಲು. ಗಾಬರಿಯಲ್ಲಿ ಜನ ಬಾಗಿಲನ್ನು ತಳ್ಳುತ್ತಾರೆ, ಪಕ್ಕಕ್ಕೆ ಸರಿಸುವ ಬುದ್ಧಿ ಆಗ ಬರಲ್ಲ. ಗಾಜಿನ ಗೋಡೆ ಯಾವುದೇ ಇರಲಿ, ಹಾಲ್‌ಗೆ ಬೇರೆ ಎರಡು ಕಡೆ ಅಂಥ ಬಾಗಿಲು ಇರಲೇಬೇಕು. ಮದುವೆ ದಿನ ಅದರ ಮುಂದೆ ಪಾತ್ರೆ, ಕುರ್ಚಿ ಜೋಡಿಸಬಾರದು.

ಗಾಜು ಟಫನ್ಡ್ (ಕಾಯಿಸಿ ಗಟ್ಟಿ ಮಾಡಿದ್ದು) ಇರಬೇಕು, ಸುರಕ್ಷಾ ಗಾಜಿನ ಐಎಸ್ 2553 ಗುರುತು ಮೂಲೆಯಲ್ಲಿ ಕಾಣಬೇಕು. ಟಫನ್ಡ್ ಒಡೆದರೆ ಸಣ್ಣ ಹರಳಾಗಿ ಉದುರುತ್ತದೆ, ಈಟಿಯಂಥ ಚೂರು ಬರಲ್ಲ. ಆದರೆ ಅಪರೂಪಕ್ಕೆ ಒಳಗಿನ ನಿಕೆಲ್ ಸಲ್ಫೈಡ್ ಕಣದಿಂದ ತಾನಾಗಿಯೇ ಒಡೆಯುವುದೂ ಉಂಟು. ಅದಕ್ಕೆ ಹೀಟ್ ಸೋಕ್ ಟೆಸ್ಟ್ (ಅಂಥ ಗಾಜು ಮೊದಲೇ ಒಡೆಯಲಿ ಅಂತ ಬಿಸಿಯಲ್ಲಿಟ್ಟು ನೋಡುವ ಪರೀಕ್ಷೆ) ಮಾಡಿಸಿದ ಗಾಜು ಕೇಳಿ. ಜನ ಕೂರುವ ಕಡೆಯ ಗಾಜು ಲ್ಯಾಮಿನೇಟೆಡ್ ಆದರೆ ಇನ್ನೂ ಒಳ್ಳೆಯದು, ಒಡೆದರೂ ನಡುವಿನ ಪದರಕ್ಕೆ ಅಂಟಿಕೊಂಡು ನಿಲ್ಲುತ್ತದೆ. ದಪ್ಪವನ್ನು ಐಎಸ್ 875 ಭಾಗ 3ರ ಗಾಳಿ ಲೆಕ್ಕದಿಂದ ತೆಗೆಸಿ. ಮಕ್ಕಳ ಕಣ್ಣಿನ ಎತ್ತರಕ್ಕೊಂದು, ದೊಡ್ಡವರ ಕಣ್ಣಿನ ಎತ್ತರಕ್ಕೊಂದು ಪಟ್ಟಿ ಅಂಟಿಸಿ. ಕಿನ್ನಾಳದ ಚಿತ್ತಾರದ ಬಳ್ಳಿ ಇದ್ದರೆ ಕೊಪ್ಪಳಕ್ಕೆ ಒಪ್ಪುತ್ತದೆ. ಸ್ವಚ್ಛ ಗಾಜಿಗೆ ಓಡಿ ಬಂದು ಗುದ್ದಿಕೊಳ್ಳುವ ಮಕ್ಕಳು ಬಹಳ.

ಕೊಪ್ಪಳ_ಮಂಟಪ:
ಎಲ್ಲರೂ ಇಷ್ಟು ಬಿಡಿಸಿ ಹೇಳಿದ್ದೀರಿ. ತಮ್ಮ, ನಾನು, ನಮ್ಮ ಎಂಜಿನಿಯರ್ ಕೂತು ನಕ್ಷೆ ಬಿಚ್ಚಿ ನೋಡಿದೆವು. ಅಂಗಳವನ್ನು ಬಡಗಣಕ್ಕೆ ತಿರುಗಿಸಲು ಜಾಗ ಇದೆ, ಪಾರ್ಕಿಂಗ್ ಪಡುವಣಕ್ಕೆ ಹೋಗುತ್ತದೆ. ಹಾಗಾಗಿ ಬಡಗಣಕ್ಕೆ ಹತ್ತಡಿ ಪಡಸಾಲೆ ಇಳಿಸಿ, ಅಲ್ಲಿ ನೇತುಹಾಕುವ ಫೋಲ್ಡಿಂಗ್. ಬೀಮ್ ಆಳ ಜಾಸ್ತಿ ಮಾಡುತ್ತಿದ್ದಾರೆ. ಪಡುವಣಕ್ಕೆ ಗಾಜೇ ಬೇಡ ಅಂತ ತೀರ್ಮಾನ, ಇಟ್ಟಿಗೆ ಗೋಡೆ, ಮೇಲೆ ಸಣ್ಣ ಗಾಳಿಕಿಂಡಿ. ಮೇಲಿನ ಮಹಡಿಯಲ್ಲಿ ಮದುಮಕ್ಕಳ ಕೋಣೆಗಳಿಗೆ ಮೂರು ಟ್ರ್ಯಾಕ್ ಸ್ಲೈಡಿಂಗ್, ಒಂದು ಟ್ರ್ಯಾಕ್‌ಗೆ ಜಾಲರಿ. ಮೂಡಣ, ತೆಂಕಣ ಎರಡೂ ಕಡೆ ಹೊರಗೆ ತೆರೆಯುವ ಬಾಗಿಲು ಸೇರಿಸಿದೆವು.

ಒಂದು ಪ್ರಶ್ನೆ ಉಳಿದಿದೆ. ನೆಲಕ್ಕೆ ಗ್ರಾನೈಟ್ ಮೊದಲು ಹಾಕಬೇಕೋ, ಫೋಲ್ಡಿಂಗ್ ಫ್ರೇಮ್ ಮೊದಲೋ? ಊಟದ ಟ್ರಾಲಿ ಓಡಾಡಬೇಕು, ಹೊಸ್ತಿಲು ಎತ್ತರ ಇರಬಾರದು.

ಮಂಟಪದ_ತಮ್ಮ:
ಬಡಗಣ ಅಂದಮೇಲೆ ನನಗೂ ಒಪ್ಪಿಗೆ. ಎಲ್ಲರಿಗೂ ಧನ್ಯವಾದ.

ಬಳ್ಳಾರಿ_ಅಲ್ಯೂಮಿನಿಯಂ:
ಬಹಳ ಒಳ್ಳೆ ತೀರ್ಮಾನ. ಗ್ರಾನೈಟ್ ಹಾಕುವಾಗ ಕೆಳಗಿನ ಕಾಲುವೆ ಕೂರುವಷ್ಟು ಜಾಗ ಬಿಟ್ಟು ಹಾಕಿಸಿ, ಅಗಲ ಆಳ ನಿಮ್ಮ ಫ್ಯಾಬ್ರಿಕೇಟರ್ ಕೊಡಬೇಕು. ಕಾಲುವೆಯ ಬಾಯಿ ಗ್ರಾನೈಟ್‌ಗೆ ಸಮ ಕೂರುತ್ತದೆ, ಟ್ರಾಲಿ ಎಡವಲ್ಲ. ಪಡಸಾಲೆ ನೆಲಕ್ಕೆ ಹೊರಗಡೆ ಇಳಿಜಾರು ಕೊಡಿ. ಕಾಲುವೆಯ ತಳದಿಂದ ಒಂದು ಸಣ್ಣ ಪೈಪ್ ಹೊರಗೆ ಬಿಡಿ. ಅದನ್ನು ಮರೆತರೆ ನೆಲ ತೊಳೆದ ನೀರೆಲ್ಲ ಅಲ್ಲೇ ನಿಲ್ಲುತ್ತದೆ.

ಸಿಂಧನೂರು_ಸಿವಿಲ್:
ಇದಕ್ಕೆ ಸೇರಿಸುತ್ತೇನೆ. ಬೀಮ್ ಕೆಳಗಿನ ಸೆಂಟ್ರಿಂಗ್ ಬಿಚ್ಚಿ, ಮೇಲಿನ ಗೋಡೆ, ಸ್ಲ್ಯಾಬ್ ಫಿನಿಶಿಂಗ್ ಭಾರ ಎಲ್ಲ ಬಿದ್ದ ಮೇಲೆಯೇ ಗಾಜಿನ ಅಳತೆ ತೆಗೆಸಿ. ಮೊದಲ ಜಗ್ಗು ಆಗಲೇ ಮುಗಿದಿರುತ್ತದೆ.

ಬಳ್ಳಾರಿ_ಅಲ್ಯೂಮಿನಿಯಂ:
ಹೌದು, ಪ್ಲಾಸ್ಟರ್, ಗ್ರಾನೈಟ್ ಎರಡೂ ಆದ ಮೇಲೆ. ಎಡ, ನಡು, ಬಲ ಮೂರೂ ಕಡೆ ಎತ್ತರ ಅಳೆಯಿರಿ, ಮೇಲೆ ಕೆಳಗೆ ಅಗಲ ಅಳೆಯಿರಿ, ಎಲ್ಲಕ್ಕಿಂತ ಕಮ್ಮಿ ಬಂದದ್ದನ್ನು ಹಿಡಿಯಿರಿ. ಟಫನ್ಡ್ ಗಾಜನ್ನು ಆಮೇಲೆ ಒಂದು ಮಿ.ಮೀ. ಕೂಡ ಕತ್ತರಿಸೋಕೆ ಬರಲ್ಲ, ತೂತು ಹಾಕೋಕೂ ಬರಲ್ಲ. ಹಿಡಿಯ ತೂತು, ಬೀಗದ ತೂತು ಎಲ್ಲ ನಕ್ಷೆಯಲ್ಲಿ ಗುರುತು ಮಾಡಿ ಸಹಿ ಹಾಕಿಯೇ ಆರ್ಡರ್ ಕೊಡಿ. ಚಕ್ರ, ಹಿಂಜ್‌ಗಳ ಒಂದು ಹೆಚ್ಚುವರಿ ಸೆಟ್ ಈಗಲೇ ತೆಗೆದಿಟ್ಟುಕೊಳ್ಳಿ. ಅದೇ ಮಾಡೆಲ್ ಆಮೇಲೆ ಸಿಗೋದು ಕಷ್ಟ.